ಅಡಿಕೆ ಕೊನೆಕೊಯ್ಲು ಶುರುವಾದಾಗಿನಿಂದ ಕೋಳಿ ಮೊಟ್ಟೆ ಕಮ್ಮಿ, ಚಿಪ್ಪಿನ ಸುತ್ತ ಬಳೆಯಂಥ ಗೆರೆ. ಯಾಕಿರಬಹುದು?

ಹಿತ್ತಲಮನೆ, ಸಾಗರ (ನವೆಂಬರ್ 23)

ನಮ್ಮ ಹಿತ್ತಲಲ್ಲಿ ಹನ್ನೊಂದು ಹೇಂಟೆ, ಒಂದು ಹುಂಜ ಇವೆ. ಐದು ಸ್ವರ್ಣಧಾರಾ, ನಾಲ್ಕು ನಾಟಿ, ಎರಡು ಕಂದು ಲೇಯರ್ (ಮೊಟ್ಟೆಗೆಂದೇ ಫಾರಂನಲ್ಲಿ ಸಾಕುವ ಕೋಳಿ). ಲೇಯರ್ ಎರಡನ್ನೂ ಫಾರಂ ಒಂದರಲ್ಲಿ ಹಳೇ ಬ್ಯಾಚ್ ಮಾರುವಾಗ ತಂದದ್ದು. ದಸರಾ ಹೊತ್ತಿಗೆ ದಿನಕ್ಕೆ ಆರೇಳು ಮೊಟ್ಟೆ ಸಿಗುತ್ತಿದ್ದವು. ಈಗ ಎರಡು ವಾರದಿಂದ ಎರಡೋ ಮೂರೋ ಅಷ್ಟೇ.

ಸಿಕ್ಕಿದ್ದೂ ನೆಟ್ಟಗಿಲ್ಲ. ಕೆಲವು ಮೊಟ್ಟೆಗೆ ನಡುವಿನಲ್ಲಿ ಬಳೆ ತೊಡಿಸಿದ ಹಾಗೆ ಉಬ್ಬು ಗೆರೆ. ಒಂದು ಮೊಟ್ಟೆ ಮುದುಕರ ಕೈಯ ಚರ್ಮದ ಹಾಗೆ ಸುಕ್ಕುಸುಕ್ಕು. ನಿನ್ನೆ ಬೆಳಿಗ್ಗೆ ಗೂಡಿನ ಅಡ್ಡಕೋಲಿನ ಕೆಳಗೆ ಚಿಪ್ಪೇ ಇಲ್ಲದ ಮೊಟ್ಟೆ ಬಿದ್ದಿತ್ತು. ಕೈಗೆತ್ತಿಕೊಂಡರೆ ನೀರು ತುಂಬಿದ ಬಲೂನಿನ ಹಾಗೆ ಜೋತು ಬಿತ್ತು. ಒಳಗೆ ಹಳದಿ ಅತ್ತಿತ್ತ ಓಡಾಡುವುದು ಕಾಣುತ್ತಿತ್ತು.

ಕೋಳಿಗಳು ಚುರುಕಾಗಿಯೇ ಇವೆ, ಮೇಯುತ್ತವೆ. ಕೆಮ್ಮು, ಸೀನು ಇಲ್ಲ. ಪಕ್ಕದ ಮನೆಯವರು ಸುಣ್ಣದ ತಿಳಿನೀರು ಕುಡಿಸಿ ಅಂದರು. ಪೇಟೆಯಲ್ಲಿ ಒಬ್ಬರು ಟೆಟ್ರಾಸೈಕ್ಲಿನ್ ಪುಡಿ ಕೊಟ್ಟಿದ್ದಾರೆ, ಇನ್ನೂ ಹಾಕಿಲ್ಲ. ಹಾಕಲಾ?

ಕೆಂಪುಜುಟ್ಟು, ತುಮಕೂರು (ನವೆಂಬರ್ 23)

ಪುಡಿ ಸದ್ಯಕ್ಕೆ ಕಪಾಟಿನಲ್ಲೇ ಇರಲಿ. ಮೊದಲು ಇವಿಷ್ಟು ಹೇಳಿ. ಕೋಳಿಗಳಿಗೆ ಎಷ್ಟು ವಯಸ್ಸು? ಗರಿ ಉದುರುತ್ತಿದೆಯಾ? ಏನು ತಿನ್ನಿಸುತ್ತೀರಿ, ಈಚೆಗೆ ಅದರಲ್ಲಿ ಏನಾದರೂ ಬದಲಾಯಿತಾ? ರಾತ್ರಿ ಎಲ್ಲಿ ಮಲಗುತ್ತವೆ? ಸುಕ್ಕು ಮೊಟ್ಟೆ ಇಡುವುದು ಯಾವ ಕೋಳಿ ಅಂತ ಗೊತ್ತಾ? ನಾಟಿ ನಾಲ್ಕೂ ಹೊರಗೆ ಮೇಯುವವಾ?

ಇನ್ನೊಂದು ಮಾತು. ಹನ್ನೊಂದನ್ನೂ ಒಟ್ಟಿಗೆ ಲೆಕ್ಕ ಹಾಕಬೇಡಿ. ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಹೆಚ್ಚು. ಹತ್ತು ಹದಿನೈದು ಇಟ್ಟು ಕಾವಿಗೆ ಕೂರುವುದು ಅದರ ಗುಣ. ಸ್ವರ್ಣಧಾರಾ ನಮ್ಮ ಹೆಬ್ಬಾಳದ ಪಶುವೈದ್ಯ ಕಾಲೇಜಿನ ತಳಿ, ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 180ರ ಆಸುಪಾಸು ಇಡುತ್ತದೆ. ಫಾರಂನ ಲೇಯರ್ 300ರ ಹತ್ತಿರ. ಮೂರು ಜಾತಿಗೂ ಮೂರು ಬಗೆಯ ಲೆಕ್ಕ.

ಹಿತ್ತಲಮನೆ, ಸಾಗರ (ನವೆಂಬರ್ 24)

ಸ್ವರ್ಣಧಾರಾಗೆ ಒಂದು ವರ್ಷ ತುಂಬಿ ಎರಡು ತಿಂಗಳು. ಲೇಯರ್ ಎರಡಕ್ಕೂ ಎರಡು ವರ್ಷ ದಾಟಿದೆ. ನಾಟಿ ನಾಲ್ಕರಲ್ಲಿ ಎರಡಕ್ಕೆ ಕುತ್ತಿಗೆ, ಬಾಲದ ಗರಿ ಉದುರಿದೆ. ಸುಕ್ಕು ಮೊಟ್ಟೆ ಯಾರದ್ದೆಂದು ಗೊತ್ತಿಲ್ಲ, ಬಣ್ಣ ನೋಡಿದರೆ ಲೇಯರಿನದ್ದು ಅನಿಸುತ್ತದೆ.

ತಿನ್ನಿಸುವುದು ಲೇಯರ್ ಫೀಡ್. ಆದರೆ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ನವೆಂಬರ್ ಮೊದಲ ವಾರದಿಂದ ಅಡಿಕೆ ಕೊಯ್ಲು. ಕೊನೆ ತೆಗೆಯುವವರು, ಸುಲಿಯುವವರು ಸೇರಿ ದಿನಾ ಹತ್ತು ಹದಿನೈದು ಜನರ ಊಟ. ಮಿಕ್ಕ ಅನ್ನ ಪೂರ್ತಿ ಕೋಳಿಗೆ. ಬೆಳಿಗ್ಗೆ ಬುಟ್ಟಿ ತುಂಬಾ ಅನ್ನ ಸುರಿಯುತ್ತೇನೆ, ಮುಗಿಬಿದ್ದು ತಿನ್ನುತ್ತವೆ. ಫೀಡ್ ಹಾಗೇ ಉಳಿಯುತ್ತಿದೆ. ನನಗೂ ಕೈ ಬಿಡುವಿರಲಿಲ್ಲ, ಖರ್ಚು ಉಳಿಯಿತು ಅಂದುಕೊಂಡೆ.

ಗೂಡು ಕೊಟ್ಟಿಗೆಯ ಮಾಡಿನ ಕೆಳಗಿದೆ, ಅಡಿಕೆ ದಬ್ಬೆಯಿಂದ ಮಾಡಿದ್ದು.

ನಿವೃತ್ತ ಪಶುವೈದ್ಯ, ಧಾರವಾಡ (ನವೆಂಬರ್ 24)

ಅರ್ಧ ಉತ್ತರ ನಿಮ್ಮ ಮಾತಿನಲ್ಲೇ ಇದೆ. ಸ್ವಲ್ಪ ಲೆಕ್ಕ ಹಾಕೋಣ.

ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕೋಳಿಯ ಇಡೀ ಮೈಯಲ್ಲಿರುವುದೇ ಹೆಚ್ಚುಕಮ್ಮಿ 20 ಗ್ರಾಂ. ಅಂದರೆ ಪ್ರತಿ ಮೊಟ್ಟೆಗೂ ಅದು ಮೈಯ ಸುಣ್ಣದ ಹತ್ತರಲ್ಲೊಂದು ಪಾಲು ಕೊಡುತ್ತಿದೆ. ಲೇಯರ್ ಫೀಡಿನಲ್ಲಿ 3.5ರಿಂದ 4 ಶೇಕಡಾ ಕ್ಯಾಲ್ಸಿಯಂ ಇರುತ್ತದೆ. ದಿನಕ್ಕೆ 110 ಗ್ರಾಂ ಫೀಡ್ ತಿಂದರೆ ಸುಮಾರು 4 ಗ್ರಾಂ ಹೊಟ್ಟೆಗೆ ಹೋಗುತ್ತದೆ, ಅದರಲ್ಲಿ ಅರ್ಧದಷ್ಟು ಮೈಗೆ ಹತ್ತುತ್ತದೆ. ಆ 2 ಗ್ರಾಂ ಸರಿಯಾಗಿ ಒಂದು ಮೊಟ್ಟೆಗೆ ಸಾಕು. ಈಗ ಅರ್ಧ ಹೊಟ್ಟೆ ಅನ್ನ ತುಂಬಿತು ಅನ್ನಿ. ಅನ್ನದಲ್ಲಿ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು. ಸಿಕ್ಕುವುದು 1 ಗ್ರಾಂ. ಮಿಕ್ಕದ್ದನ್ನು ಕೋಳಿ ತನ್ನ ಎಲುಬಿನಿಂದ ತೆಗೆದು ಕೊಡುತ್ತದೆ. ಕೆಲವು ದಿನ ಹಾಗೆ ನಡೆಯುತ್ತದೆ. ಆಮೇಲೆ ಚಿಪ್ಪು ತೆಳ್ಳಗಾಗುತ್ತದೆ, ಆಮೇಲೆ ಚಿಪ್ಪೇ ಇಲ್ಲದ ಮೊಟ್ಟೆ, ಕೊನೆಗೆ ಮೊಟ್ಟೆಯೇ ಇಲ್ಲ. ಪ್ರೋಟೀನ್ ಕತೆಯೂ ಇದೇ. ಮೊಟ್ಟೆ ಕೋಳಿಗೆ 16ರಿಂದ 18 ಶೇಕಡಾ ಪ್ರೋಟೀನ್ ಬೇಕು.

ಸುಣ್ಣದ ತಿಳಿನೀರು ಬೇಡ. ಒಂದು ಲೀಟರ್ ತಿಳಿನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಒಂದು ಗ್ರಾಂ ಕೂಡ ಇಲ್ಲ. ಕೋಳಿ ಕುಡಿಯುವುದು ಕಾಲು ಲೀಟರ್. ಮೇಲಾಗಿ ಆ ರುಚಿ ಅದಕ್ಕೆ ಸೇರದೆ ನೀರು ಕುಡಿಯುವುದನ್ನೇ ಕಮ್ಮಿ ಮಾಡಿದರೆ ಇರುವ ಮೊಟ್ಟೆಯೂ ಹೋಗುತ್ತದೆ. ಎಲೆ ಅಡಿಕೆಯ ಸುಣ್ಣವನ್ನು ಫೀಡಿಗೆ ಕಲಸುವವರೂ ಇದ್ದಾರೆ, ಅದು ಬಾಯಿ, ಗಂಟಲು ಸುಡುತ್ತದೆ.

ಟೆಟ್ರಾಸೈಕ್ಲಿನ್ ಖಂಡಿತ ಬೇಡ. ರೋಗವೇ ಕಾಣುತ್ತಿಲ್ಲ. ಆ ಔಷಧ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಜೊತೆ ಅಂಟಿಕೊಂಡು ಎರಡೂ ಮೈಗೆ ಹತ್ತದ ಹಾಗೆ ಮಾಡುತ್ತದೆ. ಕೊಟ್ಟಷ್ಟು ದಿನ, ಆಮೇಲೂ ಕೆಲವು ದಿನ ಮೊಟ್ಟೆ ತಿನ್ನುವ ಹಾಗಿಲ್ಲ.

ಕಡಲತಡಿ, ಕುಂದಾಪುರ (ನವೆಂಬರ್ 24)

ನಮ್ಮಲ್ಲಿ ಕಪ್ಪೆಚಿಪ್ಪು ಬೇಕಾದಷ್ಟು. ಒರಳಿನಲ್ಲಿ ಕುಟ್ಟಿ ಕೊಡುತ್ತೇವೆ. ಹಿಟ್ಟು ಮಾಡಬೇಡಿ. ಜೋಳದ ನುಚ್ಚಿನಷ್ಟು ದಪ್ಪ ತುಣುಕಿರಲಿ, ಎರಡರಿಂದ ನಾಲ್ಕು ಮಿಲಿಮೀಟರ್. ಹಿಟ್ಟಾದರೆ ಹೊಟ್ಟೆಯಿಂದ ಬೇಗ ದಾಟಿಬಿಡುತ್ತದೆ. ತುಣುಕಾದರೆ ಕಾಳು ಅರೆಯುವ ಕಲ್ಲುಚೀಲದಲ್ಲಿ ನಿಂತು ರಾತ್ರಿಯಿಡೀ ಕರಗುತ್ತಾ ಇರುತ್ತದೆ. ಚಿಪ್ಪು ಕಟ್ಟುವುದೂ ರಾತ್ರಿಯೇ ಅಲ್ವಾ.

ಬೇರೆ ತಟ್ಟೆಯಲ್ಲಿಡಿ, ಫೀಡಿಗೆ ಕಲಸಬೇಡಿ. ಮೊಟ್ಟೆ ಇಡುವ ಕೋಳಿ ಸಂಜೆ ತಾನೇ ಬಂದು ಆರಿಸಿ ತಿನ್ನುತ್ತದೆ. ನಮ್ಮ ಹುಂಜ ಮೂಸಿಯೂ ನೋಡುವುದಿಲ್ಲ. ಕಲಸಿದರೆ ಮರಿಗಳೂ ತಿನ್ನಬೇಕಾಗುತ್ತದೆ, ಮರಿಗಳ ಮೂತ್ರಪಿಂಡಕ್ಕೆ ಅಷ್ಟು ಕ್ಯಾಲ್ಸಿಯಂ ಕೆಟ್ಟದ್ದು.

ಒಂದು ಪ್ರಶ್ನೆ: ನಿಮ್ಮಲ್ಲಿ ಬಾತುಕೋಳಿ ಇದೆಯಾ? ನಮ್ಮಲ್ಲಿ ಒಮ್ಮೆ ಬಾತು, ಕೋಳಿ ಒಂದೇ ಹೊಂಡದ ನೀರು ಕುಡಿಯುತ್ತಿದ್ದವು. ಒಂದು ತಿಂಗಳು ತೊಗಲು ಮೊಟ್ಟೆಯೋ ತೊಗಲು ಮೊಟ್ಟೆ. ಕೋಳಿ ನೋಡಿದರೆ ಏನೂ ಆಗಿಲ್ಲ ಅನ್ನುವ ಹಾಗಿದ್ದವು.

ನಿವೃತ್ತ ಪಶುವೈದ್ಯ, ಧಾರವಾಡ (ನವೆಂಬರ್ 24)

ಒಳ್ಳೆಯ ಪ್ರಶ್ನೆ. ಎಗ್ ಡ್ರಾಪ್ ಸಿಂಡ್ರೋಮ್ ಅನ್ನುವ ವೈರಸ್ ಕಾಯಿಲೆ ಇದೆ, ಬಾತುಕೋಳಿಗಳಲ್ಲಿ ಸುಮ್ಮನೆ ಇರುವ ವೈರಸ್ ಅದು. ಕೋಳಿ ಹುಷಾರಾಗಿಯೇ ಇರುತ್ತದೆ. ಮೊದಲು ಕಂದು ಚಿಪ್ಪಿನ ಬಣ್ಣ ಬಿಳಚಿಕೊಳ್ಳುತ್ತದೆ, ಆಮೇಲೆ ತೆಳು ಚಿಪ್ಪು, ತೊಗಲು ಮೊಟ್ಟೆ. ಆದರೆ ಅದು ಗುಂಪಿನಲ್ಲಿ ಹರಡುವ ಕಾಯಿಲೆ, ಬಳೆ ಗೆರೆಯನ್ನು ಅದರ ತಲೆಗೆ ಕಟ್ಟಲಾಗುವುದಿಲ್ಲ. ಆ ಗೆರೆ ಬೇರೆ ಕತೆ ಹೇಳುತ್ತದೆ. ಹಿತ್ತಲಮನೆಯವರೇ, ಗೆರೆ ಇರುವ ಮೊಟ್ಟೆಯನ್ನು ರಾತ್ರಿ ಕತ್ತಲೆಯಲ್ಲಿ ಮೊಬೈಲ್ ಟಾರ್ಚಿನ ಮೇಲೆ ಇಟ್ಟು ನೋಡಿ. ಏನು ಕಾಣುತ್ತದೆ ಅಂತ ಬರೆಯಿರಿ.

ಹಿತ್ತಲಮನೆ, ಸಾಗರ (ನವೆಂಬರ್ 25)

ಬಾತುಕೋಳಿ ಇಲ್ಲ.

ಟಾರ್ಚಿನ ಮೇಲಿಟ್ಟು ನೋಡಿದೆ. ಮೊಟ್ಟೆ ಕೆಂಪಗೆ ಹೊಳೆಯಿತು. ಗೆರೆಯ ಜಾಗದಲ್ಲಿ ಬಿರುಕಿನ ಬಲೆ ಕಾಣುತ್ತದೆ, ಒಡೆದ ಮಡಕೆಯನ್ನು ಮತ್ತೆ ಅಂಟಿಸಿದ ಹಾಗೆ. ಹೊರಗಿನಿಂದ ಕೈ ಆಡಿಸಿದರೆ ಬಿರುಕೇ ಇಲ್ಲ, ಉಬ್ಬು ಮಾತ್ರ. ಮಗಳು ನೋಡಿ, ಇದು ಹೊಟ್ಟೆಯ ಒಳಗೇ ಒಡೆದು ಕೂಡಿಕೊಂಡಿದೆ ಅಮ್ಮಾ ಅಂದಳು.

ನಿವೃತ್ತ ಪಶುವೈದ್ಯ, ಧಾರವಾಡ (ನವೆಂಬರ್ 25)

ಮಗಳು ಹೇಳಿದ್ದು ನೂರಕ್ಕೆ ನೂರು ಸರಿ.

ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಬೆಳಿಗ್ಗೆ ಮೊಟ್ಟೆ ಇಟ್ಟ ಕೋಳಿಯ ಮುಂದಿನ ಮೊಟ್ಟೆ ಮಧ್ಯಾಹ್ನದ ಹೊತ್ತಿಗೆ ಚಿಪ್ಪು ಕಟ್ಟುವ ಚೀಲಕ್ಕೆ ಇಳಿಯುತ್ತದೆ. ಸಂಜೆಗೆ ಚಿಪ್ಪು ಇನ್ನೂ ಹಾಲಿನ ಕೆನೆಯಷ್ಟು ತೆಳು. ಆ ಹೊತ್ತಿನಲ್ಲಿ ಕೋಳಿ ಬೆದರಿ ಹಾರಿದರೆ, ಒಂದರ ಮೇಲೊಂದು ಬಿದ್ದರೆ, ಆ ಎಳೆ ಚಿಪ್ಪು ಬಿರುಕು ಬಿಡುತ್ತದೆ. ರಾತ್ರಿ ಅದರ ಮೇಲೆಯೇ ಮತ್ತೆ ಸುಣ್ಣ ಕೂರುತ್ತದೆ. ಬೆಳಿಗ್ಗೆ ನಿಮ್ಮ ಕೈಗೆ ಬಳೆ ತೊಟ್ಟ ಮೊಟ್ಟೆ.

ಅದಕ್ಕೇ ಕೇಳುತ್ತೇನೆ: ಸಂಜೆಯಿಂದ ರಾತ್ರಿ ಹತ್ತರವರೆಗೆ ಗೂಡಿನ ಹತ್ತಿರ ಏನು ನಡೆಯುತ್ತದೆ?

ಹಿತ್ತಲಮನೆ, ಸಾಗರ (ನವೆಂಬರ್ 25)

ಓದಿ ಎದೆ ಧಸಕ್ಕೆಂದಿತು. ಅಡಿಕೆ ಸುಲಿಯುವುದೇ ಕೊಟ್ಟಿಗೆಯ ಪಕ್ಕದ ಅಂಗಳದಲ್ಲಿ. ಸಂಜೆ ಆರಕ್ಕೆ ಕೂತರೆ ಹತ್ತೂವರೆ ಹನ್ನೊಂದು. ದೊಡ್ಡ ಬಲ್ಬಿನ ಬೆಳಕು ದಬ್ಬೆ ಸಂದಿನಿಂದ ಗೂಡಿನೊಳಗೆ ಪಟ್ಟೆಪಟ್ಟೆಯಾಗಿ ಬೀಳುತ್ತದೆ. ಮಾತು, ಹಾಡು, ಮೂಟೆ ಎಸೆಯುವ ಸದ್ದು. ಸುಲಿಯಲು ಬರುವವರ ಜೊತೆ ಒಂದು ನಾಯಿಯೂ ಬರುತ್ತದೆ, ಗೂಡಿನ ಕೆಳಗೇ ಮಲಗುತ್ತದೆ. ರಾತ್ರಿ ಕೋಳಿಗಳು ಕೊಕ್ಕರಿಸುವುದು ಕೇಳಿಸುತ್ತಿತ್ತು. ಜನ ಇದ್ದಾರಲ್ಲ, ಅದಕ್ಕೆ ಅಂದುಕೊಂಡಿದ್ದೆ.

ಕೆಂಪುಜುಟ್ಟು, ತುಮಕೂರು (ನವೆಂಬರ್ 25)

ಬೆಳಕಿನದ್ದೂ ಯೋಚಿಸಿ. ಡಿಸೆಂಬರ್ ಹೊತ್ತಿಗೆ ನಮ್ಮ ಕಡೆ ಹಗಲು ಹನ್ನೊಂದೂಕಾಲು ಗಂಟೆಗೆ ಇಳಿಯುತ್ತದೆ. ಕೋಳಿಗೆ ಮೊಟ್ಟೆಯ ಹುರುಪು ಬರಲು 14ರಿಂದ 16 ಗಂಟೆ ಬೆಳಕು ಬೇಕು. ನಿಮ್ಮಲ್ಲಿ ಒಂದು ದಿನ ರಾತ್ರಿ ಹನ್ನೊಂದರವರೆಗೆ ಬೆಳಕು, ಸುಲಿತ ಇಲ್ಲದ ದಿನ ಆರಕ್ಕೇ ಕತ್ತಲೆ. ಈ ಏರುಪೇರು ಸುಮ್ನೆ ಕಮ್ಮಿ ಬೆಳಕಿಗಿಂತಲೂ ಕೆಟ್ಟದ್ದು.

ನಾನು ಮಾಡುವುದು ಹೀಗೆ. ಬೆಳಗಿನ ಜಾವ ನಾಲ್ಕಕ್ಕೆ ಒಂದು ಸಣ್ಣ ಎಲ್ಇಡಿ ಬಲ್ಬ್ ಉರಿಯುತ್ತದೆ, ಟೈಮರ್ ಹಾಕಿದ್ದೇನೆ. ಸಂಜೆ ಏನೂ ಇಲ್ಲ, ಸೂರ್ಯ ಮುಳುಗಿದ ಹಾಗೆ ಕೋಳಿ ತಾವೇ ಹತ್ತಿ ಕೂರುತ್ತವೆ. ಸಂಜೆ ಬಲ್ಬ್ ಹಾಕಿ ಥಟ್ಟನೆ ಆರಿಸಿದರೆ ಕತ್ತಲೆಯಲ್ಲಿ ಕೋಲು ಕಾಣದೆ ನೆಲದಲ್ಲೇ ಉಳಿಯುತ್ತವೆ.

ಮತ್ತೆ ಗರಿ ಉದುರಿದ ಎರಡು ನಾಟಿಯನ್ನು ಲೆಕ್ಕದಿಂದ ಬಿಡಿ. ಗರಿ ಪೂರ್ತಿ ಬರುವುದಕ್ಕೆ ಎರಡರಿಂದ ಮೂರು ತಿಂಗಳು. ಗರಿ ಅಂದರೆ ಪ್ರೋಟೀನೇ, ಎರಡು ಕೆಲಸ ಒಟ್ಟಿಗೆ ಮಾಡಲು ಅದಕ್ಕಾಗುವುದಿಲ್ಲ. ಮಿಕ್ಕ ಎರಡು ನಾಟಿಯನ್ನು ಕೈಯಲ್ಲಿ ಹಿಡಿದು ನೋಡಿ. ಗುದದ ಎರಡೂ ಪಕ್ಕ ಚೂಪಾದ ಎರಡು ಎಲುಬು ಸಿಗುತ್ತವೆ. ನಡುವೆ ಎರಡು ಮೂರು ಬೆರಳು ಹಿಡಿಸಿ, ಗುದ ಅಗಲವಾಗಿ ಒದ್ದೆಯಾಗಿದ್ದು, ಜುಟ್ಟು ಕೆಂಪಗಿದ್ದರೆ ಅದು ಮೊಟ್ಟೆ ಇಡುತ್ತಿದೆ. ಒಂದು ಬೆರಳಷ್ಟೇ ಹಿಡಿಸಿ, ಒಣಗಿ ಮುದುರಿದ್ದರೆ ಇಡುತ್ತಿಲ್ಲ.

ದೂರದೂರು, ಲೀಡ್ಸ್, ಇಂಗ್ಲೆಂಡ್ (ನವೆಂಬರ್ 26)

ಊರು ಶಿರಸಿ, ಈಗ ಇಲ್ಲಿ ನಾಲ್ಕು ಹೇಂಟೆ ಸಾಕಿದ್ದೇನೆ. ಇಲ್ಲಿ ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಎರಡು ತಿಂಗಳು ಒಂದು ಮೊಟ್ಟೆಯೂ ಸಿಗುವುದಿಲ್ಲ, ಫೆಬ್ರವರಿಯಲ್ಲಿ ತಾವೇ ಶುರು ಮಾಡುತ್ತವೆ. ನಾನು ಬಲ್ಬ್ ಹಾಕುವುದಿಲ್ಲ, ಅವಕ್ಕೂ ಬಿಡುವು ಸಿಗಲಿ ಅಂತ. ಅನ್ನದ ವಿಷಯ ಓದಿ ಊರಿನ ನೆನಪಾಯಿತು. ಇಲ್ಲಿ ಅಡುಗೆಮನೆಯಲ್ಲಿ ಮಿಕ್ಕದ್ದನ್ನು ಕೋಳಿಗೆ ಹಾಕುವುದು ಕಾನೂನಿಗೇ ವಿರುದ್ಧ, ರೋಗ ಹರಡುತ್ತದೆ ಅನ್ನುವ ಕಾರಣಕ್ಕೆ.

ಒಂದು ಕೆಲಸ ಮರೆಯಬೇಡಿ. ರಾತ್ರಿ ಟಾರ್ಚ್ ಹಿಡಿದು ಅಡ್ಡಕೋಲಿನ ತುದಿ, ಸಂದಿ ನೋಡಿ. ಬಿಳಿ ಬಟ್ಟೆಯಿಂದ ಉಜ್ಜಿ. ಕೆಂಪು ಕಲೆ ಹತ್ತಿದರೆ ರಕ್ತ ಹೀರುವ ನುಸಿ. ಹಗಲು ಕೋಳಿಯ ಮೈಯಲ್ಲಿ ಹುಡುಕಿದರೆ ಅವು ಸಿಗುವುದಿಲ್ಲ. ರಾತ್ರಿ ಹತ್ತಿ ಕುಡಿದು ಬೆಳಿಗ್ಗೆ ಸಂದಿಗೆ ಇಳಿಯುತ್ತವೆ. ನನಗೆ ಒಂದು ಬೇಸಿಗೆ ಪೂರ್ತಿ ಇದು ಗೊತ್ತಾಗದೆ ಕೋಳಿಗಳು ಬಿಳಿಚಿಕೊಂಡು ಮೊಟ್ಟೆ ನಿಲ್ಲಿಸಿದ್ದವು.

ಮಾಳಿಗೆತೋಟ, ಬೆಂಗಳೂರು (ನವೆಂಬರ್ 26)

ನಡುವೆ ನನ್ನದೊಂದು. ತಾರಸಿ ಮೇಲೆ ಮೂರು ಕಂದು ಲೇಯರ್ ಇವೆ. ಮೊಟ್ಟೆ ಬಿಳಿಚಿಕೊಂಡು ಹೆಚ್ಚುಕಮ್ಮಿ ಬಿಳಿ ಮೊಟ್ಟೆಯೇ ಆಗಿದೆ, ಚಿಪ್ಪೂ ತೆಳು. ಲೇಯರ್ ಫೀಡ್ ಸಿಗದೆ ತಿಂಗಳಿಂದ ಬ್ರಾಯ್ಲರ್ ಸ್ಟಾರ್ಟರ್ (ಮಾಂಸದ ಕೋಳಿಮರಿಗಳ ಫೀಡ್) ಹಾಕುತ್ತಿದ್ದೇನೆ. ಪ್ರೋಟೀನ್ ಜಾಸ್ತಿ, ಒಳ್ಳೆಯದೇ ಅಲ್ವಾ ಅಂತ.

ನಿವೃತ್ತ ಪಶುವೈದ್ಯ, ಧಾರವಾಡ (ನವೆಂಬರ್ 26)

ಇವತ್ತೇ ನಿಲ್ಲಿಸಿ. ಬ್ರಾಯ್ಲರ್ ಫೀಡಿನಲ್ಲಿ ಕ್ಯಾಲ್ಸಿಯಂ ಒಂದು ಶೇಕಡಾದ ಹತ್ತಿರ ಮಾತ್ರ. ಅದಕ್ಕಿಂತ ಮುಖ್ಯ, ರಕ್ತಭೇದಿ ಬಾರದಿರಲೆಂದು ಮರಿಗಳ ಫೀಡಿಗೆ ಕೆಲವೊಮ್ಮೆ ನಿಕಾರ್ಬಜಿನ್ ಅನ್ನುವ ಔಷಧ ಸೇರಿಸುತ್ತಾರೆ. ಅದು ಕಂದು ಚಿಪ್ಪಿನ ಬಣ್ಣ ತೆಗೆಯುತ್ತದೆ. ಚೀಲದ ಮೇಲಿನ ಚೀಟಿ ಓದಿ. ಆ ಹೆಸರಿದ್ದರೆ ಈಗಿನ ಮೊಟ್ಟೆ ತಿನ್ನಬೇಡಿ. ಫೀಡ್ ಬದಲಿಸಿದ ಮೇಲೆ ಬಣ್ಣ ಮರಳುತ್ತದೆ.

ಬಿಸಿಲೂರು, ರಾಯಚೂರು (ನವೆಂಬರ್ 26)

ಚಿಪ್ಪು ತೆಳು ಅಂದರೆ ನಮ್ಮೂರಲ್ಲಿ ಏಪ್ರಿಲ್, ಮೇ. ಕೋಳಿ ಬಾಯಿ ತೆಗೆದು ಏದುಸಿರು ಬಿಡುತ್ತದಲ್ಲ, ಆಗ ಮೈಯಿಂದ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಅದರ ಅರ್ಧ ಸರಕೇ ಉಸಿರಿನಲ್ಲಿ ಹಾರಿಹೋಯಿತು. ಆ ತಿಂಗಳಲ್ಲಿ ಎಷ್ಟು ಕಪ್ಪೆಚಿಪ್ಪು ಕೊಟ್ಟರೂ ಪೂರ್ತಿ ಸರಿಯಾಗುವುದಿಲ್ಲ. ನಾವು ಬೆಳಿಗ್ಗೆ ಆರಕ್ಕೆ ಮುಂಚೆ, ಸಂಜೆ ಐದರ ಮೇಲೆ ಫೀಡ್ ಹಾಕುತ್ತೇವೆ. ಮಡಕೆ ನೀರು ಮೂರು ಸಲ ಬದಲಿಸುತ್ತೇವೆ. ಮಧ್ಯಾಹ್ನ ಬೇವಿನ ಮರದ ಕೆಳಗೆ ಗೋಣಿ ಒದ್ದೆ ಮಾಡಿ ಹಾಸಿದರೆ ಎಲ್ಲವೂ ಅದರ ಮೇಲೆಯೇ ಕೂರುತ್ತವೆ. ಸಾಗರದ ಚಳಿಗೆ ಇದು ಬೇಕಾಗದು, ಬೇಸಿಗೆಗೆ ನೆನಪಿರಲಿ.

ಹಿತ್ತಲಮನೆ, ಸಾಗರ (ನವೆಂಬರ್ 29)

ಮಾಡಿದ್ದು ಬರೆಯುತ್ತೇನೆ. ಅನ್ನ ನಿಲ್ಲಿಸಿದೆ, ಸಂಜೆ ಒಂದು ಹಿಡಿ ಮಾತ್ರ. ಕುಂದಾಪುರದ ಬಸ್ಸಿನಲ್ಲಿ ನೆಂಟರು ಒಂದು ಚೀಲ ಕಪ್ಪೆಚಿಪ್ಪು ಕಳಿಸಿದರು, ಕುಟ್ಟಿ ತೆಂಗಿನ ಕರಟದಲ್ಲಿಟ್ಟಿದ್ದೇನೆ. ಸುಲಿಯುವ ಜಾಗವನ್ನು ಅಂಗಳದ ಆಚೆ ಮೂಲೆಗೆ ಬದಲಿಸಿದೆವು, ಗೂಡಿನ ಆ ಮಗ್ಗುಲಿಗೆ ತಾಡಪಾಲು ಕಟ್ಟಿದೆ. ನಾಯಿಗೆ ಜಗುಲಿಯಲ್ಲಿ ಗೋಣಿ ಹಾಸಿಕೊಟ್ಟಿದ್ದೇವೆ. ನುಸಿ ನೋಡಿದೆ, ಬಟ್ಟೆಗೆ ಕಲೆ ಹತ್ತಲಿಲ್ಲ.

ನಾಟಿ ಎರಡನ್ನೂ ಹಿಡಿದು ನೋಡಿದೆ. ಎರಡಕ್ಕೂ ಮೂರು ಬೆರಳು ಹಿಡಿಸಿತು! ಹಾಗಾದರೆ ಮೊಟ್ಟೆ ಎಲ್ಲಿ? ಬೆಳಿಗ್ಗೆ ಎಂಟಕ್ಕೆ ಹಿಂದೆಯೇ ಹೋದೆ. ಒಂದು ಸೀದಾ ಸೋಗೆ ರಾಶಿಯ ಹಿಂದೆ ನುಗ್ಗಿತು. ಸೋಗೆ ಎತ್ತಿ ನೋಡಿದರೆ ಹದಿಮೂರು ಮೊಟ್ಟೆ, ಒಂದಕ್ಕೊಂದು ತಾಗಿಕೊಂಡು, ಎರಡು ಅಂಗುಲ ಆಳದ ಗುಳಿಯಲ್ಲಿ. ನೀರಿಗೆ ಹಾಕಿದೆ. ಒಂಬತ್ತು ಅಡ್ಡಡ್ಡ ಮಲಗಿದವು, ನಾಲ್ಕು ಎದ್ದು ನಿಂತವು. ಆ ನಾಲ್ಕನ್ನು ಬಿಟ್ಟೆ.

ಕೊಯ್ಲಿನ ಗಲಾಟೆಗೆ ಅವು ಗೂಡಿನ ಬುಟ್ಟಿಯನ್ನೇ ಬಿಟ್ಟಿದ್ದವು ಅಂತ ಕಾಣುತ್ತದೆ.

ಕೆಂಪುಜುಟ್ಟು, ತುಮಕೂರು (ನವೆಂಬರ್ 29)

ಸೋಗೆ ರಾಶಿಯಲ್ಲಿ ಒಂದು ಮೊಟ್ಟೆ ಗುರುತು ಹಾಕಿ ಬಿಡಬಹುದಿತ್ತು. ಪೂರ್ತಿ ತೆಗೆದರೆ ಹೊಸ ಜಾಗ ಹುಡುಕುತ್ತವೆ. ಈಗ ಗೂಡಿನ ಬುಟ್ಟಿಯಲ್ಲಿ ಒಂದು ಮೊಟ್ಟೆಯನ್ನೋ ಬಿಳಿ ಕಲ್ಲನ್ನೋ ಇಟ್ಟು, ಹತ್ತು ಗಂಟೆಯವರೆಗೆ ಹೊರಗೆ ಬಿಡಬೇಡಿ. ನಾಲ್ಕೈದು ದಿನದಲ್ಲಿ ಅಭ್ಯಾಸವಾಗುತ್ತದೆ. ಹೊರಗೆ ಇಟ್ಟರೆ ಕೇರೆ ಹಾವು, ಮುಂಗುಸಿಗೆ ಹಬ್ಬ.

ಸುಕ್ಕು ಮೊಟ್ಟೆಯ ಕೋಳಿ ಪತ್ತೆ ಮಾಡಲು ಸುಲಭದ ದಾರಿ ಇದೆ. ಸಂಜೆ ಎರಡೂ ಲೇಯರಿನ ಗುದಕ್ಕೆ ಅಡುಗೆ ಬಣ್ಣ ಸವರಿ, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಸಿರು. ಬೆಳಿಗ್ಗೆ ಮೊಟ್ಟೆಯೇ ಹೇಳುತ್ತದೆ.

ಹಿತ್ತಲಮನೆ, ಸಾಗರ (ಡಿಸೆಂಬರ್ 2)

ಸುಕ್ಕು ಮೊಟ್ಟೆಯ ತುದಿಗೆ ಹಸಿರು. ಕಾಲಿಗೆ ನೀಲಿ ದಾರ ಕಟ್ಟಿದ ಲೇಯರ್. ಒಡೆದು ನೋಡಿದೆ, ಲೋಳೆ ನೀರಿನ ಹಾಗೆ ತಟ್ಟೆ ತುಂಬಾ ಹರಡಿತು. ಇನ್ನೊಂದರ ಮೊಟ್ಟೆಯಲ್ಲಿ ಲೋಳೆ ಗಟ್ಟಿಯಾಗಿ ನಿಂತಿತ್ತು.

ನಿವೃತ್ತ ಪಶುವೈದ್ಯ, ಧಾರವಾಡ (ಡಿಸೆಂಬರ್ 2)

ಸುಕ್ಕು ಚಿಪ್ಪು, ನೀರು ಲೋಳೆ ಎರಡೂ ಒಂದೇ ಕೋಳಿಯಲ್ಲಿ, ಬಹಳ ದಿನದಿಂದ ಇದೆ ಅಂದರೆ ಹಿಂದೆ ಯಾವಾಗಲೋ ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಅನ್ನುವ ಉಸಿರಾಟದ ವೈರಸ್ ಕಾಯಿಲೆ ಬಂದು ಹೋಗಿರಬಹುದು. ಮರಿಯಲ್ಲೇ ಬಂದರೆ ಮೊಟ್ಟೆ ನಾಳಕ್ಕೆ ಶಾಶ್ವತ ಪೆಟ್ಟು. ವಯಸ್ಸಾದಾಗಲೂ ಲೋಳೆ ತೆಳ್ಳಗಾಗುತ್ತದೆ. ಲೋಳೆ ಗಟ್ಟಿಯಿಲ್ಲದಿದ್ದರೆ ಅದರ ಮೇಲೆ ಕಟ್ಟುವ ಚಿಪ್ಪು ಸುಕ್ಕಾಗುತ್ತದೆ. ಔಷಧ ಇಲ್ಲ. ಹೊಸ ಮೊಟ್ಟೆಯಾದರೆ ನೀವು ತಿನ್ನಬಹುದು, ಕಾವಿಗೆ ಇಡಬೇಡಿ.

ಮಿಕ್ಕವಕ್ಕೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಆಗಿದೆಯಾ? ಆಗಿಲ್ಲದಿದ್ದರೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಮೊಟ್ಟೆ ಇಡುತ್ತಿರುವ ಕೋಳಿಗೆ ಅದರ ಆರ್‌ಟುಬಿ ಲಸಿಕೆ ಚುಚ್ಚಿಸಬೇಡಿ, ಮೊಟ್ಟೆ ನಿಂತುಬಿಡುತ್ತದೆ. ನೀರಿನಲ್ಲಿ ಕೊಡುವ ಲಸೋಟಾ ಲಸಿಕೆ ಸಾಕು. ಒಂದು ಸೀಸೆ ನೂರಾರು ಕೋಳಿಗೆ ಬರುತ್ತದೆ, ಕೇರಿಯವರೆಲ್ಲ ಒಂದೇ ದಿನ ಹಾಕಿಸಿ. ಯಾವುದಾದರೂ ಕೋಳಿ ಗರಿ ಉಬ್ಬಿಸಿ, ಬಾಲ ಇಳಿಬಿಟ್ಟು, ತಿಣುಕಿ ತಿಣುಕಿ ನೆಟ್ಟಗೆ ನಿಂತರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿದೆ. ತಡಮಾಡದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಅಥವಾ ವೈದ್ಯರ ಹತ್ತಿರ ಒಯ್ಯಿರಿ. ಅಷ್ಟರಲ್ಲಿ ಬೆಚ್ಚನೆ ನೀರಿನಲ್ಲಿ ಹೊಟ್ಟೆಯವರೆಗೆ ಕೂರಿಸಿ. ಹಿಚುಕಬೇಡಿ, ಒಳಗೆ ಒಡೆದರೆ ಕೋಳಿ ಉಳಿಯುವುದು ಕಷ್ಟ.

ಹಿತ್ತಲಮನೆ, ಸಾಗರ (ಡಿಸೆಂಬರ್ 21)

ಬಳೆ ಗೆರೆ ಜಾಗ ಬದಲಿಸಿದ ಮೂರನೇ ದಿನಕ್ಕೇ ನಿಂತಿತು. ತೊಗಲು ಮೊಟ್ಟೆ ಆಮೇಲೆ ಒಂದೇ ಒಂದು ಬಿತ್ತು. ಚಿಪ್ಪು ಗಟ್ಟಿಯಾಗಲು ಹತ್ತು ದಿನ ಹಿಡಿಯಿತು. ಈಗ ಬಾಣಲೆ ಅಂಚಿಗೆ ತಟ್ಟಿದರೆ ಟಕ್ಕೆಂದು ಸದ್ದು ಬರುತ್ತದೆ, ನವೆಂಬರಿನಲ್ಲಿ ಹೆಬ್ಬೆರಳು ಒತ್ತಿದರೇ ಒಳಗೆ ಹೋಗುತ್ತಿತ್ತು.

ಮೊಟ್ಟೆ ದಿನಕ್ಕೆ ನಾಲ್ಕೈದು. ಸ್ವರ್ಣಧಾರಾದಿಂದ ಮೂರು, ಲೇಯರ್ ಒಂದು, ನಾಟಿ ಬಿಟ್ಟು ಬಿಟ್ಟು. ಬಲ್ಬ್ ಹಾಕಲಿಲ್ಲ, ಸಂಕ್ರಾಂತಿ ಕಳೆಯಲಿ ಅಂತ ಕಾಯುತ್ತೇನೆ. ಲಸಿಕೆ ಕಳೆದ ಭಾನುವಾರ ಕೇರಿಯ ಆರು ಮನೆಗೆ ಒಟ್ಟಿಗೆ ಆಯಿತು.

ನೀಲಿ ದಾರದ ಕೋಳಿ ಸುಕ್ಕು ಮೊಟ್ಟೆಯನ್ನೇ ಇಡುತ್ತಿದೆ, ವಾರಕ್ಕೆ ಎರಡು. ಮಾರಾಟಕ್ಕೆ ಕೊಡುವುದಿಲ್ಲ, ನಮ್ಮ ದೋಸೆಗೆ ಆಗುತ್ತದೆ. ಸಂಜೆ ಕರಟದ ಹತ್ತಿರ ಮೊದಲು ಬಂದು ನಿಲ್ಲುವುದು ಅದೇ. ಕಡಲತಡಿಯವರೇ, ಚೀಲ ಮುಗಿಯುತ್ತಾ ಬಂತು. ಇನ್ನೊಂದು ಕಳಿಸಲು ನೆಂಟರಿಗೆ ಹೇಳಿದ್ದೇನೆ. ಈ ಸಲ ಉಪ್ಪು ಹೋಗುವ ಹಾಗೆ ತೊಳೆದು ಒಣಗಿಸಬೇಕಾ, ಹಾಗೇ ಕುಟ್ಟಬಹುದಾ?

ಕಡಲತಡಿ, ಕುಂದಾಪುರ (ಡಿಸೆಂಬರ್ 21)

ತೊಳೆಯಿರಿ, ಎರಡು ನೀರು ಸಾಕು. ಎರಡು ದಿನ ಬಿಸಿಲಿಗೆ ಹರಡಿ. ಒಳಗೆ ಮಾಂಸ ಅಂಟಿಕೊಂಡಿದ್ದರೆ ಒಮ್ಮೆ ಕುದಿಸಿ ತೆಗೆಯಿರಿ, ಇಲ್ಲದಿದ್ದರೆ ವಾಸನೆಗೆ ಇರುವೆ, ಇಲಿ ಬರುತ್ತವೆ. ನೀರಿನ ಪಸೆ ಆರಿದ ಮೇಲೆ ಕುಟ್ಟಿದರೆ ತುಣುಕು ಚೆನ್ನಾಗಿ ಬೀಳುತ್ತದೆ.